ಒಂದೇ ತಪ್ಪು, ನಾಲ್ಕು ಕಡೆ

ಈರಿ, ಪೆನ್ಸಿಲ್ವೇನಿಯಾ
೨೦ ಫೆಬ್ರವರಿ ೨೦೧೬

ಪ್ರೀತಿಯ ಕಾಜಿಕ್,

ಅಮ್ಮ ಬದುಕಿದ್ದಾಳೆ, ಗಟ್ಟಿಮುಟ್ಟಾಗಿಯೂ ಇದ್ದಾಳೆ. ಇಷ್ಟು ದಿನ ಕಾಗದ ಬರಲಿಲ್ಲವೆಂದು ನೀನು ಏನೇನು ಅಂದುಕೊಂಡೆಯೋ ಏನೋ, ಆದರೆ ಈ ಸಲ ತಡವಾದದ್ದು ನನ್ನಿಂದಲ್ಲ ಕಣೋ. ನೀನು ಕಳಿಸಿದ್ದ ಕೆಮಿಸ್ಟ್ರಿ ಪಾಠದ ಸುಣ್ಣಕಲ್ಲಿನ ಲೆಕ್ಕವನ್ನು ಬಿಡಿಸಿ, ಹಾಳೆಯ ಎರಡೂ ಮಗ್ಗುಲು ತುಂಬಿಸಿ, ಆಗಲೇ ಅಂಚೆಗೆ ಹಾಕಿದ್ದೆ. ಅದು ಹೋದ ಹಾಗೇ ವಾಪಸು ಬಂತು. ನಿಮ್ಮ ಜೈಲಿನ ಟಪಾಲು ಕೋಣೆಯವರು ಅದರ ಮೇಲೊಂದು ಚೀಟಿ ಅಂಟಿಸಿದ್ದರು. ಇದರಲ್ಲಿ ಗುಪ್ತ ಸಂಕೇತಗಳಿವೆ, ಕೈದಿಗೆ ಕೊಡುವಂತಿಲ್ಲ, ಅಂತ.

ಗುಪ್ತ ಸಂಕೇತವಂತೆ! ಐವತ್ತೆಂಟು ವರ್ಷದ ಹೆಂಗಸು, ಊರವರ ಕೂದಲು ಸುರುಳಿ ಮಾಡಿ ಹೊಟ್ಟೆ ಹೊರೆಯುವವಳು, ತ್ರಿಕೋನ ಬರೆದು, ಬಾಣ ಬರೆದು, ನಿನ್ನನ್ನು ಜೈಲಿನಿಂದ ಹಾರಿಸಿಕೊಂಡು ಹೋಗಲು ಸಂಚು ಮಾಡುತ್ತಿದ್ದಾಳೆ ಎಂದುಕೊಂಡರೇನೋ. ಫೋನ್ ಮಾಡಿ ಜಗಳವಾಡಿದೆ. ಆ ಕಡೆ ಇದ್ದವನು ಪಾಪ, ಸಣ್ಣ ದನಿಯಲ್ಲಿ, "ನಮಗೂ ಕೆಮಿಸ್ಟ್ರಿ ಬರಲ್ಲ ಅಮ್ಮಾ, ಮಾತಲ್ಲೇ ಬರೆದುಬಿಡಿ, ಓದಿ ಕೊಟ್ಬಿಡ್ತೀವಿ" ಎಂದ. ಅದಕ್ಕೇ ಇನ್ನು ಮುಂದೆ ಒಂದು ಚಿಹ್ನೆಯೂ ಇಲ್ಲ, ಎಲ್ಲ ಮಾತಿನಲ್ಲೇ. ನಿನಗಿಂತ ಮೊದಲು ಇದನ್ನು ಓದುತ್ತಿರುವ ಆ ಪುಣ್ಯಾತ್ಮನಿಗೂ ನನ್ನ ನಮಸ್ಕಾರ. ಅವನೂ ನಾಲ್ಕಕ್ಷರ ಕಲಿಯಲಿ.

ಈಗ ಲೆಕ್ಕಕ್ಕೆ ಬರುತ್ತೇನೆ. ನನಗೆ ಹೇಳಿಕೊಟ್ಟವರು ಟ್ರಾಸ್ಕ್ ಟೀಚರ್. ಹೌದು, ಅವರೇ, ಹೈಸ್ಕೂಲಿನಲ್ಲಿ ನಿನ್ನನ್ನು ಕಿಟಕಿಯ ಪಕ್ಕದಿಂದ ಎಬ್ಬಿಸಿ ಮುಂದಿನ ಬೆಂಚಿಗೆ ಎಳೆದು ಕೂರಿಸಿದವರು. ರಿಟೈರ್ ಆಗಿ ಎಷ್ಟೋ ಕಾಲವಾಯಿತು. ಪ್ರತಿ ಗುರುವಾರ ನನ್ನ ಪಾರ್ಲರಿಗೆ ಬರುತ್ತಾರೆ. ತಲೆತುಂಬ ರೋಲರ್ ಸುತ್ತಿ ಡ್ರೈಯರ್ ಕೆಳಗೆ ಕೂರಿಸಿದರೆ ಎದ್ದು ಹೋಗುವ ಹಾಗಿಲ್ಲ. ಆಗ ಲೈಬ್ರರಿಯಿಂದ ತಂದ ನಿನ್ನ ಪಾಠದ ಪುಸ್ತಕ ತೆಗೆದು ಅವರ ಮಡಿಲಿಗೆ ಹಾಕುತ್ತೇನೆ. ಡ್ರೈಯರ್ ಸದ್ದಿಗೆ ತಮ್ಮ ದನಿ ತಮಗೇ ಕೇಳದೆ ಅವರು ಕಿರುಚುತ್ತಾರೆ. ಪಾಠ ಇಡೀ ಪಾರ್ಲರಿಗೆ ಆಗುತ್ತದೆ. ಬೇಕರಿಯ ಸ್ಟೆಲ್ಲಾ ಬಣ್ಣ ಹಚ್ಚಿಸಿಕೊಳ್ಳುತ್ತಾ, ಈ ಎಂಟ್ರೊಪಿ ಅಂದರೆ ನಮ್ಮ ಮನೆಯ ಅಡುಗೆಕೋಣೆ ತಾನೇ ಎಂದು ಕೇಳಿದಳು. ಟೀಚರ್ ಅವಳಿಗೆ ಭೇಷ್ ಎಂದರು, ನನಗೆ ಇದುವರೆಗೆ ಒಂದು ಸಲವೂ ಅಂದಿಲ್ಲ.

ಸುಣ್ಣಕಲ್ಲು ಒಡೆಯಬೇಕಾದರೆ ಶಾಖ ತಿನ್ನುತ್ತದೆ, ಅದು ಖರ್ಚು. ಒಡೆದ ಮೇಲೆ ಅದರೊಳಗಿನ ಅನಿಲ ಹಾರಿಹೋಗಿ ಎಲ್ಲ ಚೆಲ್ಲಾಪಿಲ್ಲಿಯಾಗುತ್ತದೆ, ಅದೇ ಆ ಎಂಟ್ರೊಪಿ, ಅದು ಲಾಭ. ಬಿಸಿ ಏರಿದಷ್ಟೂ ಲಾಭದ ತೂಕ ಹೆಚ್ಚು. ಖರ್ಚು, ಲಾಭ ಎರಡೂ ಯಾವ ಉಷ್ಣತೆಯಲ್ಲಿ ಸರಿಸಮ ಆಗುತ್ತವೋ ಅದರಾಚೆ ಕಲ್ಲು ತಾನಾಗೇ ಒಡೆಯಲು ತೊಡಗುತ್ತದೆ. ಇಷ್ಟು ನನಗೂ ಅರ್ಥವಾಯಿತು. ಖರ್ಚು ನೂರ ಎಪ್ಪತ್ತೆಂಟು, ಚೆಲ್ಲಾಪಿಲ್ಲಿ ನೂರ ಅರವತ್ತೊಂದು. ಭಾಗಿಸಿದೆ. ಒಂದು ಚಿಲ್ಲರೆ ಕೆಲ್ವಿನ್ ಬಂತು. ಜಂಬದಿಂದ ತೋರಿಸಿದೆ.

ಟೀಚರ್ ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. "ಒಂದು ಕೆಲ್ವಿನ್ನಿಗೇ ಸುಣ್ಣಕಲ್ಲು ಪುಡಿ ಆಗತ್ತಾ ರೊಸಾಲಿಯಾ? ಅಂಟಾರ್ಕ್ಟಿಕಾನೂ ಇಷ್ಟು ತಣ್ಣಗಿಲ್ಲ ಕಣೇ. ಹಾಗಾದ್ರೆ ನಿಮ್ಮ ಚರ್ಚಿನ ಸುಣ್ಣಕಲ್ಲಿನ ಗೋಡೆ ಇನ್ನೂ ನಿಂತಿರೋದು ನಿಮ್ಮ ಪಾದ್ರಿ ಪ್ರಾರ್ಥನೆಯಿಂದಲೇ ಇರ್ಬೇಕು."

ಪಾರ್ಲರ್ ತುಂಬ ನಗು. ಆಮೇಲೆ ತೋರಿಸಿಕೊಟ್ಟರು. ಖರ್ಚನ್ನು ಪುಸ್ತಕದವರು ಕಿಲೋಜೂಲಿನಲ್ಲಿ ಕೊಡುತ್ತಾರೆ, ಚೆಲ್ಲಾಪಿಲ್ಲಿಯನ್ನು ಬಿಡಿ ಜೂಲಿನಲ್ಲಿ. ಹಿಟ್ಟನ್ನು ಮೂಟೆ ಲೆಕ್ಕದಲ್ಲಿ, ಉಪ್ಪನ್ನು ಚಮಚದ ಲೆಕ್ಕದಲ್ಲಿ ಬರೆದ ಹಾಗೆ. ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು. ತಂದರೆ ಉತ್ತರ ಸಾವಿರದ ನೂರು ಕೆಲ್ವಿನ್ನಿಗಿಂತ ತುಸು ಹೆಚ್ಚು. ಸುಣ್ಣದ ಗೂಡಿನ ಬಿಸಿ ಅದು. ಈ ಹೊಂಡಕ್ಕೆ ಬೀಳದ ವಿದ್ಯಾರ್ಥಿಯನ್ನು ತಾನು ಕಂಡೇ ಇಲ್ಲ, ಅದಕ್ಕೇ ಪರೀಕ್ಷೆ ಬರೆಸುವವರು ಬೇಕೆಂದೇ ಇದನ್ನು ತೋಡಿಡುತ್ತಾರೆ ಎಂದರು ಟೀಚರ್. ನಿನ್ನ ಟರ್ಮಿನ ನಡುವಿನ ಪರೀಕ್ಷೆಗೆ ಮೊದಲು ಈ ಕಾಗದ ಕೈಸೇರಿದರೆ ಸಾಕು, ದೇವರೇ.

ಈ ಪಾಠ ದಾಟದಿದ್ದರೆ ಜೈಲಿನ ಕಾಲೇಜು ಪಟ್ಟಿಯಿಂದ ಹೆಸರು ಹೋಗುತ್ತದೆ, ಮತ್ತೆ ಸೇರಿಸುವುದಿಲ್ಲ ಎಂದು ನೀನು ಬರೆದದ್ದು ನೆನಪಿದೆ. ಡಿಗ್ರಿ ಸಿಕ್ಕರೆ ಹೊರಗೆ ಬಂದಮೇಲೆ ನೀರು ಶುದ್ಧಿ ಮಾಡುವ ಘಟಕದಲ್ಲಿ ಕೆಲಸ ಕೇಳಬಹುದು ಎಂದಿದ್ದೆ. 'ಬಂದಮೇಲೆ' ಅನ್ನುವ ಮಾತು ನಿನ್ನ ಕಾಗದದಲ್ಲಿ ಕಂಡದ್ದು ಅದೇ ಮೊದಲು. ನಾನು ಆ ಕಾಗದವನ್ನು ಪಾರ್ಲರಿನ ಕನ್ನಡಿಗೆ ಸಿಕ್ಕಿಸಿದ್ದೇನೆ.

ಇಲ್ಲಿ ಸರೋವರದ ಕಡೆಯಿಂದ ಬಂದು ಸುರಿದ ಹಿಮ ಬಾಗಿಲಿನ ಅರ್ಧಕ್ಕಿದೆ. ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳು ಶುರುವಾಗಿವೆ. ಚರ್ಚಿನ ನೆಲಮಾಳಿಗೆಯಲ್ಲಿ ಪಿಯೆರೋಗಿ ಕಡುಬಿಗೆ ಆಲೂಗಡ್ಡೆ ಹೂರಣ ತುಂಬಿ ತುಂಬಿ ಬೆರಳು ಸೆಟೆದಿದೆ. ಬೆಚ್ಚಗಿರು. ದೇವಮಾತೆ ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ, ಆ ತಲೆಯೊಳಗಿನ ಜೂಲುಗಳ ಮೇಲೂ.

ನಿನ್ನ
ಅಮ್ಮ

—

ಈರಿ
೧೩ ಮಾರ್ಚ್ ೨೦೧೬

ಕಾಜಿಕ್,

ಮೊದಲು ಬೈಯುತ್ತೇನೆ, ಆಮೇಲೆ ಕುಶಲ ಕೇಳುತ್ತೇನೆ.

ನಿನ್ನ ಲಕೋಟೆ ಮಂಗಳವಾರ ಬಂತು. ನಡುವಿನ ಪರೀಕ್ಷೆಯ ಉತ್ತರದ ಹಾಳೆ, ಅದರ ಮೇಲೆ ನಾಲ್ಕು ಕೆಂಪು ತಪ್ಪು ಗುರುತು, ಕೆಳಗೆ ನೀನು ಬರೆದ ಚುಟುಕು ಮಾತು. ನನ್ನಿಂದ ಆಗುವುದಿಲ್ಲ, ಈಸ್ಟರ್ ಕಳೆದ ಮೇಲೆ ಹೆಸರು ತೆಗೆಸಲು ಕೊನೆಯ ದಿನವಿದೆ, ತೆಗೆಸಿಬಿಡುತ್ತೇನೆ, ಇನ್ನು ಲೆಕ್ಕ ಕಳಿಸಬೇಡ. ಅಷ್ಟೇ. ನನ್ನ ಕಾಗದ ಪರೀಕ್ಷೆ ಮುಗಿದ ಮಾರನೆಯ ದಿನ ಸಿಕ್ಕಿತು ಎಂದೂ ಬರೆದಿದ್ದೀಯ. ಅದನ್ನು ಓದಿ ಆ ಟಪಾಲು ಕೋಣೆಯವರಿಗೆ ನಾನು ಹಾಕಿದ ಶಾಪವನ್ನು ಇಲ್ಲಿ ಬರೆದರೆ ಇದೂ ವಾಪಸು ಬರುತ್ತದೆ. ಬೇಡ ಬಿಡು.

ಗುರುವಾರ ಹಾಳೆಯನ್ನು ಟೀಚರ್ ಕೈಗೆ ಕೊಟ್ಟೆ. ಅವರು ಮೊದಲನೆಯ ಉತ್ತರ ನೋಡಿದರು, ಎರಡನೆಯದು ನೋಡಿದರು. ಆಮೇಲೆ ರೋಲರುಗಳ ಸಮೇತ ಡ್ರೈಯರಿನಿಂದ ಹೊರಗೆ ಬಂದರು. ಹಾಗೆ ಅರ್ಧಕ್ಕೆ ಎದ್ದದ್ದನ್ನು ನಾನು ಈವರೆಗೆ ಕಂಡಿರಲಿಲ್ಲ.

"ನಾಲ್ಕು ತಪ್ಪು ಎಲ್ಲಿದೆ ಇಲ್ಲಿ?" ಎಂದರು. "ಇವನು ಮಾಡಿರೋದು ಒಂದೇ ತಪ್ಪು. ಅದು ನಾಲ್ಕು ಕಡೆ ಹೋಗಿದೆ, ಅಷ್ಟೇ."

ಪರೀಕ್ಷೆಯಲ್ಲಿ ಕೊಟ್ಟ ಕಲ್ಲು ಬೇರೆ, ಲೆಕ್ಕ ಅದೇ ಜಾತಿಯದು. ಮೊದಲನೆಯ ಪ್ರಶ್ನೆಯಲ್ಲಿ ನೀನು ಕಿಲೋಜೂಲಿನಿಂದ ಬಿಡಿ ಜೂಲನ್ನು ಹಾಗೇ ಕಳೆದೆ. ಆದ್ದರಿಂದ ಕೋಣೆಯ ಬಿಸಿಯಲ್ಲೇ ಕಲ್ಲು ಒಡೆಯುತ್ತದೆ ಎಂದು ಬಂತು. ಎರಡನೆಯದರಲ್ಲಿ, ಹಾಗಾದರೆ ಇದು ತಾನಾಗೇ ನಡೆಯುತ್ತದೆ ಎಂದು ಬರೆದೆ. ಮೂರನೆಯದರಲ್ಲಿ ಒಡೆಯಲು ಬೇಕಾದ ಉಷ್ಣತೆ ಸೊನ್ನೆಯ ಹತ್ತಿರ ಬಂತು. ನಾಲ್ಕನೆಯದರಲ್ಲಿ ಸಮತೋಲನದ ಸ್ಥಿರಾಂಕ ಆಕಾಶ ಮುಟ್ಟಿತು. ಕೈಯಲ್ಲಿದ್ದ ಸಂಖ್ಯೆ ಕೆಟ್ಟದ್ದಾದರೂ ಅದನ್ನು ಹಿಡಿದು ಮುಂದೆ ಇಟ್ಟ ಒಂದೊಂದು ಹೆಜ್ಜೆಯೂ ಸರಿ ಎಂದು ಟೀಚರ್ ಬೆರಳಿಟ್ಟು ತೋರಿಸಿದರು. ತಾವು ಪಾಠ ಮಾಡಿದಷ್ಟು ಕಾಲವೂ ಹೀಗೆಯೇ ತಿದ್ದಿದರಂತೆ. ಈ ವಿಷಯ ಕಲಿಸುವ ಮೇಷ್ಟ್ರುಗಳೆಲ್ಲ ಹೀಗೆಯೇ ತಿದ್ದುವುದಂತೆ. ತಪ್ಪು ಹುಟ್ಟಿದ ಕಡೆ ಒಂದು ಸಲ ಅಂಕ ಕಳೆಯಬೇಕು. ಅದನ್ನು ಹೊತ್ತುಕೊಂಡು ಮುಂದಿನದನ್ನು ಸರಿಯಾಗಿ ಮಾಡಿದವನಿಗೆ ಮುಂದಿನ ಅಂಕ ಪೂರ್ತಿ ಕೊಡಬೇಕು.

ನಿಮ್ಮ ಪೆಲ್ಟಿಯರ್ ಮೇಷ್ಟ್ರು ಹೊಸಬರು, ಬರೀ ಕೊನೆಯ ಉತ್ತರ ನೋಡಿ ಗೀಚಿಕೊಂಡು ಹೋಗಿರಬೇಕು. ಹೋಗಿ ಕೇಳು. ಪಕ್ಕದ ಬೆಂಚಿನ ಡುಪ್ರಿಯೂ ನಿನಗೆ ಅದನ್ನೇ ಹೇಳಿದನಂತಲ್ಲ, ಮೇಷ್ಟ್ರನ್ನು ಇನ್ನೊಮ್ಮೆ ನೋಡಲು ಕೇಳು ಅಂತ. ಅದಕ್ಕೆ ನೀನು ಕೊಟ್ಟ ಉತ್ತರವನ್ನೂ ಬರೆದಿದ್ದೀಯ. 'ತಪ್ಪು ಮಾಡಿದವನು ಕೇಳಬಾರದು.'

ಆ ಮಾತನ್ನು ಓದಿದಾಗ ಒಲೆಯ ಮೇಲೆ ಎಲೆಕೋಸಿನ ಸಾರು ಇತ್ತು. ತಳ ಹಿಡಿದ ವಾಸನೆ ಬರುವ ತನಕ ನಾನು ಎದ್ದಿರಲಿಲ್ಲ.

ಯಾರು ಹೇಳಿದ್ದು ನಿನಗೆ ಹಾಗಂತ? ಮೊದಲ ಉತ್ತರ ತಪ್ಪು, ಅದಕ್ಕೆ ಕಳೆಯಲಿ, ನಾನು ಬೇಡ ಅನ್ನುವುದಿಲ್ಲ. ಹೆತ್ತವಳು ಅಂತ ಸುಳ್ಳು ಹೇಳುವುದಿಲ್ಲ. ಆದರೆ ಮಿಕ್ಕ ಮೂರನ್ನು ನೀನು ಸರಿಯಾಗಿ ಮಾಡಿದ್ದೀಯ. ಅದನ್ನು ಕೇಳುವುದು ಭಿಕ್ಷೆಯಲ್ಲ. ಮೇಷ್ಟ್ರು ಆಗಲ್ಲ ಅಂದರೆ ಆಗಲ್ಲ ಅನ್ನಲಿ, ಅದು ಅವರ ಬಾಯಿಂದ ಬರಬೇಕು. ನೀನೇ ಅವರ ಪರವಾಗಿ ಆಗಲ್ಲ ಅಂದುಕೊಂಡು ಬಾಗಿಲು ಹಾಕಿಕೊಳ್ಳುವುದು ಯಾವ ನ್ಯಾಯ?

ಇನ್ನೊಂದು ವಿಷಯ. ಲೆಕ್ಕ ಕಳಿಸಬೇಡ ಅಂದಿದ್ದೀಯ. ಸರಿ, ಬಿಡಿಸಿದ ಲೆಕ್ಕ ಕಳಿಸುವುದಿಲ್ಲ. ನನಗೆ ಬಾರದ ಲೆಕ್ಕ ಕಳಿಸುತ್ತೇನೆ, ನೀನು ಬಿಡಿಸಿಕೊಡು. ಲೈಬ್ರರಿಯಿಂದ ತಂದ ನಿನ್ನದೇ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ಆಮ್ಲಗಳ ಅಧ್ಯಾಯದಲ್ಲಿ ವಿನೆಗರ್ ಲೆಕ್ಕ ಸಲೀಸಾಗಿ ಬಂತು. ಆಮ್ಲದಲ್ಲಿ ಒಡೆಯುವ ಪಾಲು ತೀರ ಚಿಕ್ಕದು ಎಂದುಕೊಂಡು ಅದನ್ನು ಕಳೆಯದೆ ಬಿಟ್ಟುಬಿಟ್ಟೆ, ವರ್ಗಮೂಲ ತೆಗೆದೆ, ಪುಸ್ತಕದ ಹಿಂದಿನ ಉತ್ತರವೇ ಬಂತು. ಕೂದಲು ಸುರುಳಿ ಮಾಡುವ ಪೆರ್ಮ್ ಬಾಟಲಿಗಳ ಮೇಲೆ ಬರೆದಿರುವ ಪಿಎಚ್ ಅಂದರೆ ಏನೆಂದು ಇಷ್ಟು ವರ್ಷ ಓದಿಯೂ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಅದರ ಮುಂದಿನದೇ ನನ್ನ ಜೀವ ತಿನ್ನುತ್ತಿರುವುದು. ಕ್ಲೋರಿನ್ ಸೇರಿದ ವಿನೆಗರ್ ಆಮ್ಲ, ಒಂದು ಲೀಟರಿಗೆ ಒಂದು ಮೋಲಿನ ನೂರರಲ್ಲೊಂದು ಪಾಲು. ಅದೇ ರೀತಿ ಮಾಡಿದರೆ ಪಿಎಚ್ ಎರಡು ದಶಾಂಶ ನಾಲ್ಕು ಮೂರು ಬರುತ್ತದೆ. ಪುಸ್ತಕ ಎರಡು ದಶಾಂಶ ಐದು ಒಂದು ಅನ್ನುತ್ತದೆ. ಎಷ್ಟು ತಿಪ್ಪರಲಾಗ ಹಾಕಿದರೂ ಅಷ್ಟು ಬರುತ್ತಿಲ್ಲ.

ಟೀಚರಿಗೆ ಗೊತ್ತಿದೆ. ಹಾಳೆ ನೋಡಿದ ಕೂಡಲೇ ಹುಬ್ಬು ಏರಿಸಿ ಬಾಯಿ ತೆರೆದರು. "ದಮ್ಮಯ್ಯ ಟೀಚರ್, ಹೇಳಬೇಡಿ" ಎಂದೆ. "ಇದನ್ನ ನನ್ನ ಮಗನೇ ಹೇಳಿಕೊಡ್ಲಿ." ಅವರು ಬಾಯಿ ಮುಚ್ಚಿದರು. ಅವರಿಗೆ ಅದು ಎಷ್ಟು ಕಷ್ಟವಾಯಿತೆಂದು ಕನ್ನಡಿಯಲ್ಲಿ ಕಾಣುತ್ತಿತ್ತು.

ನಾನು ಕಾಯುತ್ತೇನೆ. ಹೆಸರು ತೆಗೆಸುವ ಮೊದಲು ಮೇಷ್ಟ್ರ ಎದುರು ಒಂದು ಸಲ ನಿಲ್ಲು, ಇಷ್ಟೇ ಕೇಳುವುದು. ಚೆನ್ನಾಗಿ ಉಣ್ಣು. ಬೈದದ್ದು ಬಾಯಿಂದ, ಹರಸುವುದು ಹೊಟ್ಟೆಯಿಂದ.

ನಿನ್ನ
ಅಮ್ಮ

—

ಈರಿ
೨೧ ಮೇ ೨೦೧೬

ನನ್ನ ಬಂಗಾರದ ಕಾಜಿಕ್,

ಉತ್ತರ ತಡವಾಯಿತು, ಕ್ಷಮಿಸು. ನಿನ್ನ ಕಾಗದ ಬಂದು ಒಂದು ವಾರವಾಯಿತು. ದಿನಾ ಬರೆಯಲು ಕೂರುತ್ತಿದ್ದೆ, ನಿನ್ನ ಕಾಗದವನ್ನೇ ಇನ್ನೊಮ್ಮೆ ಓದಿ ಏಳುತ್ತಿದ್ದೆ. 'ಅಮ್ಮ, ಪಾಸಾದೆ' ಎಂಬ ಎರಡೇ ಮಾತನ್ನು ಎಷ್ಟು ಸಲ ಓದಬಹುದು ಎಂದು ನನಗೂ ಈಗಲೇ ಗೊತ್ತಾದದ್ದು.

ಪಾರ್ಲರಿನಲ್ಲಿ ಗಟ್ಟಿಯಾಗಿ ಓದಿದೆ. ಸ್ಟೆಲ್ಲಾ ಬೇಕರಿಯಿಂದ ಒಂದು ಟ್ರೇ ತುಂಬ ಜಾಮ್ ತುಂಬಿದ ಪೋಂಚ್ಕಿ ತಂದು ಎಲ್ಲರ ಬಾಯಿಗೂ ತುರುಕಿದಳು. ಟ್ರಾಸ್ಕ್ ಟೀಚರ್ ಮಾತ್ರ ಕರ್ಚೀಫು ತೆಗೆದು ಮೂಗು ಒರೆಸಿಕೊಂಡು, ಆ ಮೇಷ್ಟ್ರು ಅಂಕ ಕೂಡಿದ್ದು ಸರಿಯಾಗಿದೆಯೋ ಇಲ್ಲವೋ ತಾನು ನೋಡಬೇಕು, ಹಾಳೆ ತರಿಸು ಎಂದರು. ನಿನಗೆ ಭೇಷ್ ಅನ್ನುವ ಅವರ ಕ್ರಮ ಅದು, ತಿಳಿದುಕೋ.

ನೀನು ಬರೆದದ್ದನ್ನೇ ಮತ್ತೆ ನಿನಗೆ ಬರೆಯುತ್ತಿದ್ದೇನೆ, ನನಗೆ ಹಾಗೆ ಬರೆಯುವುದೇ ಒಂದು ಸುಖ. ಹೆಸರು ತೆಗೆಸುವ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡೇ ಪಾಠಕ್ಕೆ ಹೋದೆಯಂತೆ. ಪಾಠ ಮುಗಿದು ಎಲ್ಲರೂ ಸಾಲು ನಿಂತಾಗ ಕಾಲು ತಾನಾಗೇ ಹಿಂದೆ ಉಳಿಯಿತಂತೆ. ಪೆಲ್ಟಿಯರ್ ಮೇಷ್ಟ್ರ ಮುಂದೆ ಹಾಳೆ ಹಿಡಿದು, ಸರ್, ಮೊದಲನೆಯದು ತಪ್ಪು, ಉಳಿದದ್ದನ್ನು ಒಮ್ಮೆ ನೋಡ್ತೀರಾ ಎಂದೆಯಂತೆ. ಅವರು ನಿಂತಲ್ಲೇ ನೋಡಿದರು, ಕಿವಿ ಕೆಂಪಾಯಿತು. ನಾನು ಒಂದೇ ಸಂಜೆಗೆ ಎಲ್ಲರ ಹಾಳೆಯನ್ನೂ ತಿದ್ದಿಬಿಟ್ಟೆ, ನೀವು ಕೇಳಿದ್ದು ಒಳ್ಳೇದಾಯ್ತು ಎಂದರು. ನಿನ್ನದನ್ನಷ್ಟೇ ಅಲ್ಲ, ಎಲ್ಲರ ಹಾಳೆಯನ್ನೂ ಮನೆಗೆ ಒಯ್ದು ಮತ್ತೆ ತಿದ್ದಿ ತಂದರು. ಡುಪ್ರಿಗೂ ಅಂಕ ಏರಿತು. ಅವನು ನಿನಗೆ ತನ್ನ ಪಾಲಿನ ಕಾಫಿಪುಡಿ ಕೊಟ್ಟನಂತೆ. ಒಳ್ಳೆಯ ಹುಡುಗ, ಅವನ ತಾಯಿ ಎಲ್ಲಿದ್ದರೂ ತಣ್ಣಗಿರಲಿ.

ನನ್ನ ಲೆಕ್ಕವನ್ನು ಬಿಡಿಸಿಕೊಟ್ಟೆಯಲ್ಲ, ಅದನ್ನು ಓದಿ ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. 'ಅಮ್ಮ, ಚಿಕ್ಕದು ಅಂತ ಬಿಟ್ಟೆ ಸರಿ, ಕೊನೆಗೆ ಅದು ನಿಜವಾಗಿ ಚಿಕ್ಕದೇನಾ ಅಂತ ನೋಡಿದ್ಯಾ?' ಎಂದು ಕೇಳಿದ್ದೀಯ. ನೋಡಿರಲಿಲ್ಲ ಕಣಪ್ಪ. ನೂರಕ್ಕೆ ಐದರೊಳಗಿದ್ದರೆ ಮಾತ್ರ ಬಿಡಬಹುದು, ವಿನೆಗರಿನಲ್ಲಿ ಒಂದು ಚಿಲ್ಲರೆ, ಆದ್ದರಿಂದ ನಡೆಯಿತು. ಈ ಆಮ್ಲದಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲೇ ಒಡೆದು ಹೋಗುತ್ತದೆ, ಅದನ್ನು ಇಲ್ಲವೆಂದುಕೊಂಡರೆ ಲೆಕ್ಕ ಹೇಗೆ ಕೂಡುತ್ತದೆ ಎಂದು ಬರೆದಿದ್ದೀಯ. ಈ ಸಲ ನಾನು ಅದನ್ನು ಬಿಡದೆ, ವರ್ಗ ಸಮೀಕರಣ ಹಾಕಿ ಮಾಡಿದೆ. ಎರಡು ದಶಾಂಶ ಐದು ಒಂದು! ಪಾರ್ಲರಿನಲ್ಲಿ ಚಪ್ಪಾಳೆ ತಟ್ಟಿಕೊಂಡೆ, ಕೈಯಲ್ಲಿದ್ದ ಬಾಚಣಿಗೆ ಎಲ್ಲೋ ಹೋಗಿ ಬಿತ್ತು. ನಿನ್ನ ವಿವರಣೆಯನ್ನು ಟೀಚರಿಗೆ ತೋರಿಸಿದೆ. ಓದಿ, ಮಡಿಸಿ, ವಾಪಸು ಕೊಡುತ್ತಾ, "ಇವನು ಪಾಠ ಹೇಳ್ಬಲ್ಲ" ಎಂದರು. ಆಮೇಲೆ ಡ್ರೈಯರ್ ಕೆಳಗೆ ಕಣ್ಣು ಮುಚ್ಚಿ ಕೂತರು.

ಅಂತೂ ಕಾಲೇಜು ಪಟ್ಟಿಯಲ್ಲಿ ನಿನ್ನ ಹೆಸರು ಉಳಿಯಿತು. ಶರತ್ಕಾಲಕ್ಕೆ ಮುಂದಿನ ಪಾಠ. ಡುಪ್ರಿ ಮತ್ತು ಇನ್ನಿಬ್ಬರು ಹೊಸಬರಿಗೆ ನೀನು ಭಾನುವಾರ ಲೆಕ್ಕ ಹೇಳಿಕೊಡುತ್ತೀಯ ಎಂದು ಬರೆದಿರುವುದನ್ನು ನಾನು ಯಾರಿಗೂ ಇನ್ನೂ ಹೇಳಿಲ್ಲ, ಸ್ವಲ್ಪ ದಿನ ನನ್ನೊಬ್ಬಳ ಹತ್ತಿರವೇ ಇರಲಿ ಎಂದು ಇಟ್ಟುಕೊಂಡಿದ್ದೇನೆ. ನಾನೂ ಶರತ್ಕಾಲಕ್ಕೆ ಆ ಪುಸ್ತಕ ತರಿಸುತ್ತೇನೆ. ಲೈಬ್ರರಿಯ ಹುಡುಗಿ, ನೀವು ಡಾಕ್ಟರ್ ಆಗ್ತಿದೀರಾ ಆಂಟಿ ಎಂದು ಕೇಳಿದಳು. ಹೌದಮ್ಮ, ಕೂದಲಿನ ಡಾಕ್ಟರು ಎಂದೆ.

ಹಿಮ ಪೂರ್ತಿ ಹೋಯಿತು. ಹಿತ್ತಲಿನ ಲೈಲಾಕ್ ಹೂಬಿಟ್ಟಿದೆ. ನಿನ್ನ ಕೈಗೆ, ತಲೆಗೆ, ಆ ಮೇಷ್ಟ್ರ ಮುಂದೆ ನಿಂತ ನಿನ್ನ ಕಾಲಿಗೆ, ಎಲ್ಲಕ್ಕೂ ನನ್ನ ಹರಕೆ.

ಸದಾ ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯಲು ಹೆದರಿಯೇ ಒಂದು ವಾರ ಕಳೆದದ್ದು. ನಾಳೆ ತಾದೆಕ್ ಹುಟ್ಟಿದ ದಿನ. ಲೈಲಾಕ್ ಕೊಯ್ದುಕೊಂಡು ಅವನ ಸಮಾಧಿಗೆ ಹೋಗುತ್ತೇನೆ. ನಾವಿಬ್ಬರೂ ಇಷ್ಟೊಂದು ಕಾಗದ ಬರೆದರೂ ಅವನ ಹೆಸರನ್ನು ಒಂದು ಸಲವೂ ಬರೆದಿರಲಿಲ್ಲ. ಕುಡಿದು ಗಾಡಿ ಓಡಿಸಿದವನು ನೀನು, ಪಕ್ಕದಲ್ಲಿ ಕೂತಿದ್ದವನು ನಿನ್ನ ತಮ್ಮ. ಅದಕ್ಕೆ ನ್ಯಾಯಾಧೀಶರು ಶಿಕ್ಷೆ ಕೊಟ್ಟರು, ನೀನು ಅನುಭವಿಸುತ್ತಿದ್ದೀಯ. ಅದರ ಮೇಲೆ ನೀನೇ ಇನ್ನೊಂದು ಶಿಕ್ಷೆ ಬರೆದುಕೊಂಡೆ. ಭೇಟಿಗೆ ಬರುವವರ ಪಟ್ಟಿಯಿಂದ ನನ್ನ ಹೆಸರನ್ನು ಹೊಡೆದುಹಾಕಿದೆ, ನಿನ್ನ ಮುಖ ನನಗೆ ನೋಡಲಾಗದು ಎಂದು ನೀನೇ ತೀರ್ಮಾನಿಸಿ. ಆ ಶಿಕ್ಷೆಯಲ್ಲಿ ನನಗೂ ಪಾಲು ಬಂದಿದೆ ಎಂದು ನಿನಗೆ ಹೊಳೆಯಲಿಲ್ಲವೇ? ನಿನ್ನನ್ನು ಕಣ್ಣಾರೆ ಕಂಡು ಮೂರು ವರ್ಷವಾಯಿತು. ನನಗೆ ಇಬ್ಬರು ಗಂಡುಮಕ್ಕಳು, ಈಗಲೂ ಇಬ್ಬರೇ. ಒಬ್ಬನ ಹತ್ತಿರ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ, ಹೂ ಹಿಡಿದು ಹೋಗಿ ಕೂತು ಬರುತ್ತೇನೆ. ಇನ್ನೊಬ್ಬನ ಹತ್ತಿರ ಹೋಗಬೇಕಾದರೆ ಅವನು ನನ್ನ ಹೆಸರು ಬರೆಯಬೇಕು. ಬರೆಯೋ, ಮಗನೇ.